ಗುಡ್ಡಕ್ಕೆ ಕಿವಿಗೊಡುವ ಸಂವೇದಕಗಳು: ಸೂಕ್ಷ್ಮತೆ ಮತ್ತು ಗದ್ದಲ

(ಮಳೆಗಾಲಕ್ಕೆ ಮುನ್ನ ಗ್ರಾಮಸ್ಥರಿಗಾಗಿ ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗುಡ್ಡ ಕುಸಿತದ ಮುನ್ಸೂಚನೆ ನೀಡುವ ಉಪಕರಣಗಳನ್ನು ನಮ್ಮ ಊರುಗಳಲ್ಲಿಯೂ ಅಳವಡಿಸಬೇಕೆಂಬ ಬೇಡಿಕೆ ಈಗ ಮಲೆನಾಡಿನ ಎಲ್ಲ ಕಡೆಗಳಿಂದ ಕೇಳಿಬರುತ್ತಿದೆ. ಬೇಡಿಕೆ ನ್ಯಾಯವಾದುದೇ ಆಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬಳಿ ಮನೆಗಳು ಮಣ್ಣಿನಡಿ ಸೇರಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದಾದ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳು ಕೊಚ್ಚಿಹೋದವು. ಇಷ್ಟನ್ನು ಕಂಡವರು ಯಂತ್ರವನ್ನು ಕೇಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಯಂತ್ರ ಬಂದ ಮೇಲೆ ಅದು ಹೇಳುವ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಇಂದು ನನಗೆ ವಹಿಸಿದ ವಿಷಯ ಅರೆವಾಹಕ ಸಂವೇದಕಗಳು, ಅಂದರೆ ಸಿಲಿಕಾನ್ ಚಿಪ್ಪಿನಿಂದ ಮಾಡಿದ ಸೆನ್ಸರ್‌ಗಳು. ಅವುಗಳ ಸೂಕ್ಷ್ಮತೆಯನ್ನು ಹೆಚ್ಚಿಸುವುದು ಹೇಗೆ, ಬೇಡದ ಗದ್ದಲದಿಂದ ಅವುಗಳನ್ನು ಕಾಪಾಡುವುದು ಹೇಗೆ ಎಂಬುದು ಇಂಜಿನಿಯರರ ಪಠ್ಯದ ವಿಷಯವೆಂದು ತೋರಬಹುದು. ಗುಡ್ಡದ ಬುಡದಲ್ಲಿ ಮಲಗುವವರಿಗೆ ಅದು ಪ್ರಾಣದ ವಿಷಯ.

ಮೊದಲು ಗುಡ್ಡದ ಒಳಗೆ ನಡೆಯುವುದನ್ನು ನೋಡೋಣ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದಲೇ ಇಳಿಜಾರು ನಿಂತಿರುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಡದೆ ಸುರಿಯುವ ಮಳೆ ಒಳಗಿಳಿದು ಕಣಗಳ ನಡುವಿನ ಸಂದುಗಳನ್ನು ತುಂಬಿದಾಗ ಆ ನೀರು ಕಣಗಳನ್ನು ದೂರ ತಳ್ಳತೊಡಗುತ್ತದೆ. ಹಿಡಿತ ಸಡಿಲವಾಗುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಎಂಬ ವಿಜ್ಞಾನಿ ಇದನ್ನು ಸೂತ್ರದಲ್ಲಿ ಹಿಡಿದಿಟ್ಟರು. ಒರತೆಯ ನೀರು ಹಠಾತ್ತನೆ ಕೆಂಪಾದರೆ, ಎಂದೂ ಇಲ್ಲದ ಕಡೆ ನೀರು ಜಿನುಗಿದರೆ ಹೆದರಬೇಕೆಂದು ನಮ್ಮ ಹಿರಿಯರಿಗೂ ತಿಳಿದಿತ್ತು. ಈ ಒಳನೀರಿನ ಒತ್ತಡವನ್ನು ಅಳೆಯಲು ಗುಡ್ಡದಲ್ಲಿ ಕೊಳವೆ ಕೊರೆದು ಇಳಿಸುವ ಸಾಧನಕ್ಕೆ ಪೀಜೋಮೀಟರ್ ಎಂದು ಹೆಸರು. ಅದರಲ್ಲಿ ಹಲವು ಬಗೆಗಳಿವೆ. ನಾನು ಇಲ್ಲಿ ಹೇಳುವುದು ಸಿಲಿಕಾನ್ ಪೊರೆ ಇರುವ ಬಗೆಯನ್ನು ಕುರಿತು.

ಒಂದು ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಸ್ವಲ್ಪ ಬದಲಾಗುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಸ್ಮಿತ್ ಎಂಬವರು ಸಿಲಿಕಾನ್ ಮತ್ತು ಜರ್ಮೇನಿಯಂ ಹರಳುಗಳಲ್ಲಿ ಈ ಬದಲಾವಣೆ ಬಹಳ ದೊಡ್ಡದಾಗಿರುವುದನ್ನು ತೋರಿಸಿದರು. ಅಷ್ಟೇ ಎಳೆತಕ್ಕೆ ಲೋಹ ಎರಡು ಪಾಲು ಬದಲಾದರೆ ಸಿಲಿಕಾನ್ ನೂರರ ಆಸುಪಾಸು ಬದಲಾಗುತ್ತದೆ. ಆದ್ದರಿಂದಲೇ ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ತುಣುಕನ್ನು ನಡುವೆ ತೆಳುವಾಗಿ ಕೊರೆದು ಪೊರೆಯಂತೆ ಮಾಡಿ, ಅದರ ಮೇಲೆ ನಾಲ್ಕು ರೋಧಕಗಳನ್ನು ಮೂಡಿಸುತ್ತಾರೆ. ನೀರು ಪೊರೆಯನ್ನು ಒತ್ತುತ್ತದೆ, ಪೊರೆ ಬಾಗುತ್ತದೆ, ರೋಧ ಬದಲಾಗುತ್ತದೆ, ಕೆಲವು ಮಿಲಿವೋಲ್ಟ್‌ಗಳಷ್ಟು ವಿದ್ಯುತ್ ಸಂಕೇತ ಹೊರಬರುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಹತ್ತು ಮೀಟರ್ ನೀರಿನ ಒತ್ತಡಕ್ಕೆ ನೂರು ಮಿಲಿವೋಲ್ಟ್ ಕೊಡುವ ಸಂವೇದಕವನ್ನು ತೆಗೆದುಕೊಳ್ಳಿ. ಇದು ಸಾಮಾನ್ಯ ದರ್ಜೆಯದು. ಒಂದು ಸೆಂಟಿಮೀಟರ್ ನೀರು ಏರಿದರೆ ಅದು ಒಂದು ಮಿಲಿವೋಲ್ಟಿನ ಹತ್ತನೇ ಒಂದು ಭಾಗ ಕೊಡುತ್ತದೆ. ಒಂದು ಮಿಲಿಮೀಟರ್ ಏರಿದರೆ ಅದರಲ್ಲಿ ಮತ್ತೆ ಹತ್ತನೇ ಒಂದು ಭಾಗ, ಅಂದರೆ 10 ಮೈಕ್ರೋವೋಲ್ಟ್. ಇದು ತೀರ ಚಿಕ್ಕದೆನಿಸುತ್ತದೆ. ಆದರೆ ನಿಸರ್ಗವೇ ವಿಧಿಸಿದ ಮಿತಿ ಇದಕ್ಕಿಂತ ಬಹಳ ಕೆಳಗಿದೆ. ಉಷ್ಣದಿಂದಾಗಿ ಯಾವುದೇ ರೋಧಕದಲ್ಲಿ ಎಲೆಕ್ಟ್ರಾನುಗಳು ಸದಾ ತುಯ್ದಾಡುತ್ತಿರುತ್ತವೆ. 1928ರಲ್ಲಿ ಜಾನ್ಸನ್ ಅಳೆದು, ನೈಕ್ವಿಸ್ಟ್ ವಿವರಿಸಿದ ಈ ಗದ್ದಲವನ್ನು ಯಾವ ಕೌಶಲದಿಂದಲೂ ಸಂಪೂರ್ಣ ಅಳಿಸಲಾಗದು. ಕೆಲವು ಸಾವಿರ ಓಮ್ ರೋಧವಿರುವ ನಮ್ಮ ಸಂವೇದಕದಲ್ಲಿ, ನಿಧಾನವಾಗಿ ಓದುವುದಾದರೆ, ಅದು ಸುಮಾರು 10 ನ್ಯಾನೋವೋಲ್ಟ್ ಮಾತ್ರ. ಒಂದು ಮಿಲಿಮೀಟರ್ ನೀರಿನ ಸಂಕೇತಕ್ಕಿಂತ ಸಾವಿರ ಪಟ್ಟು ಕಡಿಮೆ!

ಹಾಗಾದರೆ ಸಿಲಿಕಾನಿನ ಕಿವಿ ನಮಗೆ ಬೇಕಾದುದಕ್ಕಿಂತ ಚುರುಕಾಗಿಯೇ ಇದೆ. ಜಾಹೀರಾತಿನಲ್ಲಿ ಹೆಚ್ಚು ಸೂಕ್ಷ್ಮ, ಇನ್ನೂ ಸೂಕ್ಷ್ಮ ಎಂದು ಸಾರುವ ಉಪಕರಣಗಳ ಬಗ್ಗೆ ನನಗಿರುವ ಅನುಮಾನ ಇಲ್ಲಿಂದಲೇ ಹುಟ್ಟುತ್ತದೆ. ಆಂಪ್ಲಿಫೈಯರ್ ಸಂಕೇತವನ್ನು ಸಾವಿರ ಪಟ್ಟು ಹಿಗ್ಗಿಸಿದರೆ ಗದ್ದಲವನ್ನೂ ಸಾವಿರ ಪಟ್ಟು ಹಿಗ್ಗಿಸುತ್ತದೆ. ನಿಜವಾದ ಸೂಕ್ಷ್ಮತೆಯೆಂದರೆ ಎಷ್ಟು ಚಿಕ್ಕ ಬದಲಾವಣೆಗೆ ಸೂಜಿ ಅಲುಗುತ್ತದೆ ಎಂಬುದಲ್ಲ. ಎಷ್ಟು ಚಿಕ್ಕ ಬದಲಾವಣೆಯನ್ನು ಗದ್ದಲದಿಂದ ಬೇರ್ಪಡಿಸಿ ಗುರುತಿಸಬಹುದು ಎಂಬುದು. ಗದ್ದಲವಾದರೋ ಬಹುಪಾಲು ಚಿಪ್ಪಿನ ಒಳಗಿನದಲ್ಲ. ಬಿಸಿಲು, ಚಳಿ, ಕೇಬಲ್ಲು, ಪಂಪ್‌ಸೆಟ್ಟು, ಬೇಲಿ, ತೇವ: ಎಲ್ಲವೂ ನಮ್ಮ ಅಂಗಳದವೇ.

ಉಷ್ಣಾಂಶ ಮೊದಲ ಶತ್ರು. ಎಳೆತಕ್ಕೆ ಹೆಚ್ಚು ಸ್ಪಂದಿಸುವ ಸಿಲಿಕಾನ್ ಉಷ್ಣಕ್ಕೂ ಹೆಚ್ಚು ಸ್ಪಂದಿಸುತ್ತದೆ. ವರವೂ ಶಾಪವೂ ಒಂದೇ ಗಂಟಿನಲ್ಲಿವೆ. ತಿದ್ದುಪಡಿ ಇಲ್ಲದ ಚಿಪ್ಪಿನ ಸಂಕೇತ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.2ರಷ್ಟು ಸರಿಯುತ್ತದೆ. ಹತ್ತು ಡಿಗ್ರಿ ವ್ಯತ್ಯಾಸವಾದರೆ ಶೇಕಡಾ ಎರಡು; ಅಂದರೆ ಹತ್ತು ಮೀಟರ್ ನೀರಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಇಲ್ಲದ ನೀರು ಏರಿದಂತೆ ಅಥವಾ ಇಳಿದಂತೆ ತೋರುತ್ತದೆ. ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಹಳೆಯದು ವ್ಹೀಟ್‌ಸ್ಟೋನ್ ಸೇತುವೆ. 1833ರಲ್ಲಿ ಕ್ರಿಸ್ಟಿ ರೂಪಿಸಿದ ಈ ಜೋಡಣೆಯನ್ನು 1843ರಲ್ಲಿ ವ್ಹೀಟ್‌ಸ್ಟೋನ್ ಪ್ರಚಾರಕ್ಕೆ ತಂದುದರಿಂದ ಅವರ ಹೆಸರೇ ಉಳಿಯಿತು. ಇದನ್ನು ತಕ್ಕಡಿಗೆ ಹೋಲಿಸಬಹುದು. ನಾಲ್ಕು ರೋಧಕಗಳಲ್ಲಿ ಎರಡನ್ನು ಪೊರೆ ಬಾಗಿದಾಗ ರೋಧ ಹೆಚ್ಚುವಂತೆಯೂ ಉಳಿದೆರಡನ್ನು ಕಡಿಮೆಯಾಗುವಂತೆಯೂ ಇರಿಸುತ್ತಾರೆ. ಬಿಸಿಯಾದಾಗ ನಾಲ್ಕೂ ಒಂದೇ ರೀತಿ ಬದಲಾಗುವುದರಿಂದ ತಕ್ಕಡಿಯ ಎರಡು ತಟ್ಟೆಗಳಿಗೂ ಸಮನಾದ ಕಲ್ಲು ಬಿದ್ದಂತಾಗಿ ಮುಳ್ಳು ಅಲುಗುವುದಿಲ್ಲ. ಪೊರೆ ಬಾಗಿದಾಗ ಮಾತ್ರ ಅಲುಗುತ್ತದೆ.

ಆದರೆ ನಾಲ್ಕು ರೋಧಕಗಳು ಎಂದಿಗೂ ಸಂಪೂರ್ಣ ಒಂದೇ ಆಗಿರುವುದಿಲ್ಲ. ಮೇಲೆ ಹೇಳಿದ ಶೇಕಡಾ 0.2ರ ಕುಗ್ಗುವಿಕೆಯನ್ನೂ ಸೇತುವೆ ತಾನಾಗಿ ತಡೆಯಲಾರದು. ಆದ್ದರಿಂದ ಪಕ್ಕದಲ್ಲಿಯೇ ಒಂದು ಉಷ್ಣಮಾಪಕವನ್ನಿಟ್ಟು, ಕಾರ್ಖಾನೆಯಲ್ಲಿ ಹಲವು ಉಷ್ಣಾಂಶಗಳಲ್ಲಿ ಪರೀಕ್ಷಿಸಿ ತಯಾರಿಸಿದ ಪಟ್ಟಿಯ ಸಹಾಯದಿಂದ ಲೆಕ್ಕ ತಿದ್ದಬೇಕು. ಇವೆಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ: ಆಳ. ನಾಲ್ಕಾರು ಮೀಟರ್ ಕೆಳಗೆ ಮಣ್ಣಿನ ಉಷ್ಣಾಂಶ ಹಗಲಿರುಳು ಬಹುತೇಕ ಒಂದೇ ಆಗಿರುತ್ತದೆ. ನಮ್ಮ ಹಳೆಯ ಮನೆಗಳ ನೆಲಮಾಳಿಗೆಯ ತಂಪು ಎಲ್ಲರಿಗೂ ಗೊತ್ತು. ದುಬಾರಿ ಚಿಪ್ಪನ್ನು ಬಿಸಿಲಿಗೆ ಬಿಟ್ಟುದಕ್ಕಿಂತ ಸಾಧಾರಣ ಚಿಪ್ಪನ್ನು ಆಳಕ್ಕಿಳಿಸಿದ್ದು ಮೇಲು.

ತಕ್ಕಡಿಯ ತತ್ತ್ವ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದೆ ಸೌರಫಲಕದ ಬ್ಯಾಟರಿ ಸೊರಗುತ್ತದೆ. ಸೇತುವೆಗೆ ಕೊಡುವ ವಿದ್ಯುತ್ತು ಕುಗ್ಗಿದರೆ ಸಂಕೇತವೂ ಕುಗ್ಗಿ, ನೀರು ಇಳಿಯಿತೆಂಬ ಸುಳ್ಳು ಸಮಾಧಾನ ಹುಟ್ಟುತ್ತದೆ. ಅಳತೆಗೋಲಾಗಿ ಅದೇ ವಿದ್ಯುತ್ತನ್ನು ಬಳಸಿದರೆ ಎರಡೂ ಒಟ್ಟಿಗೆ ಕುಗ್ಗುವುದರಿಂದ ಅನುಪಾತ ಉಳಿಯುತ್ತದೆ.

ಇನ್ನು ಕೇಬಲ್ಲಿನ ವಿಚಾರ. ಸಂವೇದಕದಿಂದ ಪೆಟ್ಟಿಗೆಯವರೆಗೆ ಐವತ್ತು ಮೀಟರ್ ತಂತಿ ಎಳೆದರೆ ಅದೊಂದು ಏರಿಯಲ್ ಆಗಿಬಿಡುತ್ತದೆ. ತೋಟದ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ, ಮೇಲೆ ಹಾದುಹೋದ ವಿದ್ಯುತ್ ಮಾರ್ಗ, ಇವೆಲ್ಲವುಗಳ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದರೊಳಗೆ ಸೇರುತ್ತದೆ. ಎರಡು ತಂತಿಗಳನ್ನು ಹಗ್ಗದಂತೆ ಹೊಸೆದರೆ ಎರಡರಲ್ಲಿಯೂ ಸಮನಾದ ಗದ್ದಲ ಸೇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಅಳಿದು ಸಂಕೇತ ಮಾತ್ರ ಉಳಿಯುತ್ತದೆ. ದೂರವಾಣಿಯ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇನ್ನೊಂದು ಉಪಾಯ ಕಾಲಕ್ಕೆ ಸಂಬಂಧಿಸಿದುದು. 50 ಹರ್ಟ್ಸ್ ಅಲೆಯೊಂದು ಪೂರ್ಣಗೊಳ್ಳಲು 20 ಮಿಲಿಸೆಕೆಂಡ್ ಬೇಕು. ಸರಿಯಾಗಿ ಅಷ್ಟೇ ಹೊತ್ತು, ಅಥವಾ ಅದರ ಪೂರ್ಣ ಮಡಿಗಳಷ್ಟು ಹೊತ್ತು, ಸಂಕೇತವನ್ನು ಕೂಡಿಸುತ್ತ ಹೋದರೆ ಅಲೆಯ ಮೇಲಿನ ಅರ್ಧ ಕೆಳಗಿನ ಅರ್ಧಕ್ಕೆ ವಜಾ ಆಗುತ್ತದೆ. 60 ಹರ್ಟ್ಸ್ ವಿದ್ಯುತ್ತಿನ ಅಮೆರಿಕಕ್ಕೆಂದು ಹೊಂದಿಸಿದ ಉಪಕರಣವನ್ನು ಹಾಗೆಯೇ ತಂದು ನೆಟ್ಟರೆ ಈ ಲಾಭ ಸಿಗದು. ಇದನ್ನು ಯಾರಾದರೂ ಕೇಳಿ ತಿಳಿಯಬೇಕಷ್ಟೆ.

ಹಂದಿ, ಆನೆಗಳಿಗಾಗಿ ಕಟ್ಟಿದ ಸೌರವಿದ್ಯುತ್ ಬೇಲಿ ಬೇರೆಯೇ ಜಾತಿಯ ಗದ್ದಲ ಮಾಡುತ್ತದೆ. ಅದು ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಕ್ಷಣಿಕ ಹೊಡೆತ ಕೊಡುತ್ತದೆ. ಸಂವೇದಕದ ಓದಿಕೆಗಳು 12, 12, 13, 90, 12 ಎಂದು ಬಂದವೆನ್ನಿ. ಆ 90 ಬೇಲಿಯ ಹೊಡೆತ. ಸರಾಸರಿ ತೆಗೆದರೆ 27.8 ಆಗುತ್ತದೆ, ಒಂದು ಸುಳ್ಳು ಐದನ್ನೂ ಕೆಡಿಸಿತು. ಅವನ್ನೇ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಆರಿಸಿದರೆ 12. ಹೈಸ್ಕೂಲಿನ ಗಣಿತದಲ್ಲಿ ಮಧ್ಯಾಂಕವೆಂದು ಕಲಿಯುವುದು ಇದನ್ನೇ. ಪರೀಕ್ಷೆಯ ನಂತರ ಅದನ್ನು ಮರೆಯುವ ವಿದ್ಯಾರ್ಥಿಗಳು ದಯವಿಟ್ಟು ಗಮನಿಸಿರಿ.

ಸರಾಸರಿಗೆ ಅದರದೇ ಆದ ಗೌರವವುಂಟು. ಗದ್ದಲ ಗೊತ್ತುಗುರಿಯಿಲ್ಲದೆ ಮೇಲೂ ಕೆಳಗೂ ಹಾರುತ್ತಿದ್ದರೆ ನೂರು ಓದಿಕೆಗಳ ಸರಾಸರಿಯಲ್ಲಿ ಅದು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಹತ್ತು ಸಾವಿರದಲ್ಲಿ ನೂರನೇ ಒಂದಕ್ಕೆ. ಗುಡ್ಡ ನಿಧಾನವಾಗಿ ಬದಲಾಗುವುದರಿಂದ ಕಾಯಲು ನಮಗೆ ಸಮಯವೂ ಇದೆ. ಆದರೆ ಎಲ್ಲ ಗದ್ದಲವೂ ಹಾಗೆ ಹಾರುವುದಿಲ್ಲ. ಕೆಲವು ಗದ್ದಲ ತೆವಳುತ್ತದೆ. 1925ರಲ್ಲಿ ಅದೇ ಜಾನ್ಸನ್ ರೇಡಿಯೋ ಕವಾಟಗಳಲ್ಲಿ ಕಂಡ ಮಿಣುಕು ಗದ್ದಲ ಅರೆವಾಹಕಗಳಲ್ಲಿಯೂ ಇದೆ: ನಿಧಾನವಾದಷ್ಟೂ ಅದರ ಬಲ ಹೆಚ್ಚು. ಗಂಟೆಗಟ್ಟಲೆ ಸರಾಸರಿ ತೆಗೆದರೂ ಅದು ಬಗ್ಗುವುದಿಲ್ಲ. ನಾವು ಹುಡುಕುತ್ತಿರುವ ಗುಡ್ಡದ ಚಲನೆಯೂ ನಿಧಾನವಾದುದೇ ಆದುದರಿಂದ ಕಳ್ಳನೂ ಮನೆಯವನೂ ಒಂದೇ ವೇಷದಲ್ಲಿ ಬಂದಂತಾಗುತ್ತದೆ.

ಇಲ್ಲಿ ಇಂಜಿನಿಯರರು ಹೂಡಿದ ಉಪಾಯ ನನಗೆ ಬಹಳ ಪ್ರಿಯವಾದುದು. ಕತ್ತಲಲ್ಲಿ ಎದುರು ಗುಡ್ಡದ ಹತ್ತಾರು ದೀಪಗಳ ನಡುವೆ ನಿಮ್ಮವರ ಬ್ಯಾಟರಿಯನ್ನು ಗುರುತಿಸುವುದು ಹೇಗೆ? ಅವರು ಅದನ್ನು ಮೊದಲೇ ಮಾತಾಡಿಕೊಂಡ ಲಯದಲ್ಲಿ ಆರಿಸಿ ಹೊತ್ತಿಸಿದರೆ ಸಾಕು. ಹಾಗೆಯೇ ಸೇತುವೆಗೆ ವಿದ್ಯುತ್ತನ್ನು ಒಮ್ಮೆ ನೇರವಾಗಿ, ಮರುಕ್ಷಣ ತಿರುಗಿಸಿ ಕೊಡುತ್ತಾರೆ. ನೀರಿನ ಒತ್ತಡದ ಸಂಕೇತ ಆ ಲಯಕ್ಕೆ ತಕ್ಕಂತೆ ಧನ, ಋಣ ಎಂದು ತಿರುಗುತ್ತದೆ. ಆಂಪ್ಲಿಫೈಯರಿನ ತೆವಳುವಿಕೆಗೆ, ಬೆಸುಗೆಯ ಕೀಲುಗಳಲ್ಲಿ ಹುಟ್ಟುವ ಉಷ್ಣವಿದ್ಯುತ್ತಿಗೆ ಈ ಲಯ ತಿಳಿಯದು. ಅವು ಇದ್ದಂತೆಯೇ ಇರುತ್ತವೆ. ಒಂದರಿಂದ ಒಂದನ್ನು ಕಳೆದಾಗ ತೆವಳುವಿಕೆ ಅಳಿದು ಸಂಕೇತ ಇಮ್ಮಡಿಯಾಗಿ ಉಳಿಯುತ್ತದೆ. ಈ ಕೆಲಸ ಮಾಡುವ ಚಿಪ್ಪುಗಳು ಈಗ ದುರ್ಲಭವಲ್ಲ.

ಒತ್ತಡಮಾಪಕದ ಜೊತೆಗೆ ಬಳಸುವ ಇನ್ನೊಂದು ಸಾಧನ ಬಾಗುಮಾಪಕ. ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಚಿತ್ರ ತಿರುಗುವಂತೆ ಮಾಡುವ ಸಿಲಿಕಾನ್ ಚಿಪ್ಪಿನ ಸೋದರನೇ ಇದು. ಭೂಮಿಯ ಎಳೆತ ಯಾವ ದಿಕ್ಕಿಗಿದೆ ಎಂಬುದರಿಂದ ಇಳಿಜಾರಿನಲ್ಲಿ ನೆಟ್ಟ ಕಂಬ ವಾಲಿದುದನ್ನು ತಿಳಿಯುತ್ತದೆ. ಗಂಟೆಗೆ 0.01 ಡಿಗ್ರಿ ವಾಲಿದರೆ ಜಾಗ್ರತೆ, 0.1 ಡಿಗ್ರಿ ವಾಲಿದರೆ ಎಚ್ಚರಿಕೆ ಎಂಬ ಮಿತಿಗಳನ್ನು ಜಪಾನಿನ ಸಂಶೋಧಕರು ತಮ್ಮ ಕ್ಷೇತ್ರಾನುಭವದಿಂದ ಸೂಚಿಸಿದ್ದಾರೆ. ಆದರೆ ಅಗ್ಗದ ಚಿಪ್ಪುಗಳಲ್ಲಿ ಉಷ್ಣಾಂಶ ಒಂದೇ ಒಂದು ಡಿಗ್ರಿ ಏರಿದರೂ 0.03 ಡಿಗ್ರಿಯಷ್ಟು ಸುಳ್ಳು ವಾಲಿಕೆ ತೋರುವುದುಂಟು. ಮಂಜು ಸರಿದು ಬಿಸಿಲು ಬಿದ್ದ ಪ್ರತಿ ಬೆಳಿಗ್ಗೆ ಗುಡ್ಡ ಹೊರಟಿತೆಂದು ಯಂತ್ರ ಕೂಗಿದರೆ ಅದನ್ನು ಯಾರು ತಾನೇ ಕೇಳುತ್ತಾರೆ? ಹೂಳುವುದು, ನೆರಳು ಮಾಡುವುದು, ಉಷ್ಣಾಂಶವನ್ನು ಜೊತೆಯಲ್ಲಿಯೇ ಬರೆದಿಟ್ಟು ಕಳೆಯುವುದು ಇಲ್ಲಿಯೂ ಬೇಕು. ಕಂಬವನ್ನು ದೊಡ್ಡ ಮರದ ಬೇರಿಗೆ ತಾಗಿ ನೆಡಲೇಬಾರದು. ಗಾಳಿಗೆ ಮರ ತೂಗಿದರೆ ಬೇರೂ ಮಿಡಿಯುತ್ತದೆ.

ಸುಳ್ಳು ಕೂಗಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹತ್ತು ನಿಮಿಷಕ್ಕೊಂದು ಓದಿಕೆ ಎಂದರೆ ದಿನಕ್ಕೆ 144. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಿಗೆ 17,568. ಬರೀ ಗದ್ದಲವೇ ಮಿತಿ ದಾಟುವ ಸಂಭವ ಸಾವಿರಕ್ಕೊಂದು ಎಂದಿಟ್ಟುಕೊಂಡರೂ ಒಂದು ಮಳೆಗಾಲದಲ್ಲಿ ಹದಿನೇಳೆಂಟು ಸಲ ಸುಳ್ಳು ಗಂಟೆ ಬಾರಿಸುತ್ತದೆ. ‘ಹುಲಿ ಬಂತು ಹುಲಿ’ ಕತೆಯಲ್ಲಿ ಹುಡುಗ ಕೂಗಿದ್ದು ಅಷ್ಟು ಸಲವೂ ಅಲ್ಲ. ಮಿತಿಯನ್ನು ಏರಿಸಿದರೆ ಗಂಟೆ ಕಡಿಮೆಯಾಗುತ್ತದೆ, ಆದರೆ ನಿಜವಾದ ಕುಸಿತ ತಪ್ಪಿಹೋಗುವ ಅಪಾಯ ಏರುತ್ತದೆ. ಎರಡು ಓದಿಕೆಗಳು ಬೆನ್ನುಬೆನ್ನಿಗೆ ಮಿತಿ ದಾಟಿದರೆ ಮಾತ್ರ ಕೂಗಬೇಕೆಂದು ನಿಯಮ ಮಾಡಿದರೆ ಸುಳ್ಳಿನ ಸಂಭವ ಹತ್ತು ಲಕ್ಷಕ್ಕೊಂದಕ್ಕೆ ಇಳಿಯುತ್ತದೆ. ಆದರೆ ಈ ಲೆಕ್ಕ ಹಾರುವ ಗದ್ದಲಕ್ಕೆ ಮಾತ್ರ ಸರಿ. ತೆವಳುವ ಗದ್ದಲ ಒಮ್ಮೆ ಮಿತಿ ದಾಟಿದರೆ ಮುಂದಿನ ಓದಿಕೆಯಲ್ಲಿಯೂ ಅಲ್ಲಿಯೇ ಇರುತ್ತದೆ. ಮೂರು ಸಂವೇದಕಗಳಲ್ಲಿ ಎರಡರ ಸಾಕ್ಷಿ ಬೇಕೆನ್ನುವುದು ಇನ್ನೂ ಉತ್ತಮ. ಮೂರೂ ಒಂದೇ ಬ್ಯಾಟರಿಯಿಂದ ಉಣ್ಣುತ್ತಿದ್ದರೆ ಅವು ಮೂರು ಸಾಕ್ಷಿಗಳಲ್ಲ, ಒಂದೇ.

ಆದ್ದರಿಂದ ಬೇರೆ ಬೇರೆ ಜಾತಿಯ ಸಾಕ್ಷಿಗಳು ಬೇಕು. ಕೇರಳದ ಮುನ್ನಾರಿನಲ್ಲಿ, 2005ರಲ್ಲಿ ಕುಸಿದಿದ್ದ ಆಂಥೋನಿಯಾರ್ ಕಾಲೊನಿಯ ಇಳಿಜಾರಿನಲ್ಲಿ, ಅಮೃತ ವಿಶ್ವವಿದ್ಯಾಪೀಠದವರು ಅಳವಡಿಸಿದ ಸಂವೇದಕ ಜಾಲ ಈ ಹಾದಿಯದು. ಮಳೆ ಮತ್ತು ಮಣ್ಣಿನ ತೇವ ಮೊದಲ ಹಂತದ ಎಚ್ಚರಿಕೆಗೆ, ಒಳನೀರಿನ ಒತ್ತಡ ಎರಡನೆಯದಕ್ಕೆ, ಮಣ್ಣಿನ ಚಲನೆ ಕೊನೆಯದಕ್ಕೆ. 2009ರ ಮಳೆಗಾಲದಲ್ಲಿ ಅದರ ಆಧಾರದ ಮೇಲೆ ಜನರಿಗೆ ಎಚ್ಚರಿಕೆ ನೀಡಲಾಯಿತು. ಹಿಮಾಚಲ ಪ್ರದೇಶದ ಕೋಟ್ರೋಪಿಯಲ್ಲಿ 2017ರ ಆಗಸ್ಟ್ 13ರಂದು ಗುಡ್ಡ ಕುಸಿದು ಬಸ್ಸುಗಳು ಹೂತು 40ಕ್ಕೂ ಹೆಚ್ಚು ಜನ ಸತ್ತ ಬಳಿಕ, ಮಂಡಿಯ ಐ.ಐ.ಟಿ.ಯವರು ಫೋನಿನ ಚಿಪ್ಪಿನ ಜಾತಿಯ ಸಂವೇದಕಗಳಿಂದ ಕಡಿಮೆ ವೆಚ್ಚದ ವ್ಯವಸ್ಥೆಯನ್ನು ರೂಪಿಸಿ ಅಳವಡಿಸಿದರು. ಅಗ್ಗವಾದುದೆಲ್ಲ ಕೆಟ್ಟದ್ದೆಂದು ನನ್ನ ವಾದವಲ್ಲ. ಅಗ್ಗದ್ದನ್ನು ನೆಟ್ಟು ಮರಳಿ ನೋಡದೆ ಹೋಗುವುದು ಕೆಟ್ಟದ್ದು.

ಮರಳಿ ನೋಡುವ ಕೆಲಸ ಊರಿನವರದೇ ಆಗಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮೋಡ ಕವಿದು ವಾಯುಭಾರ ಕುಸಿದಾಗ ಅದು ಹತ್ತು ಸೆಂಟಿಮೀಟರ್ ನೀರಿನಷ್ಟು ವ್ಯತ್ಯಾಸವನ್ನು ಉಂಟುಮಾಡಬಲ್ಲದು. ಇದನ್ನು ಕಳೆಯಲೆಂದು ಕೆಲವು ಒತ್ತಡಮಾಪಕಗಳ ಕೇಬಲ್ಲಿನೊಳಗೆ ಸಣ್ಣ ಗಾಳಿನಳಿಗೆ ಇರುತ್ತದೆ. ಅದರ ಬಾಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಡಬ್ಬಿ. ನಮ್ಮ ಮಳೆಗಾಲದ ತೇವಕ್ಕೆ ಆ ಹರಳುಗಳು ಬೇಗನೆ ದಣಿದು ಬಣ್ಣ ಬದಲಿಸುತ್ತವೆ. ಬದಲಿಸದಿದ್ದರೆ ನಳಿಗೆಯಲ್ಲಿ ನೀರು ಕಟ್ಟಿ ಸಂವೇದಕ ಸದ್ದಿಲ್ಲದೆ ಸುಳ್ಳು ಹೇಳತೊಡಗುತ್ತದೆ. ನಗರದಿಂದ ಇಂಜಿನಿಯರ್ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಊರಿನ ಒಬ್ಬ ಹೈಸ್ಕೂಲ್ ಹುಡುಗಿ ಹತ್ತು ನಿಮಿಷದಲ್ಲಿ ಅದನ್ನು ಬದಲಿಸಬಲ್ಲಳು. ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದೆಯೇ, ಹೆಗ್ಗಣ ಕೇಬಲ್ಲು ಕಡಿದಿದೆಯೇ, ಸೌರಫಲಕಕ್ಕೆ ಪಾಚಿ ಹಿಡಿದಿದೆಯೇ ಎಂದು ನೋಡುವುದೂ ಅಷ್ಟೇ ಸುಲಭ.

ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಮಟ್ಟದವರೆಗೂ ತಾನೇ ತಾನಾಗಿ ವರದಿ ಕಳುಹಿಸುವ ಮಳೆಮಾಪಕಗಳಿವೆ. ಅದರ ಪಕ್ಕದ ಶಾಲೆಯಲ್ಲಿ ಕೈಯಿಂದ ಅಳೆಯುವ ಮಳೆಮಾಪಕವೂ ಒಂದು ನೋಟ್ ಪುಸ್ತಕವೂ ಇರಲಿ. ಯಂತ್ರದ ಬಾಯಿಗೆ ತರಗೆಲೆ ಬಿದ್ದು ಅದು ಶೂನ್ಯ ತೋರಿದ ದಿನ ಪುಸ್ತಕ ನಿಜ ಹೇಳುತ್ತದೆ. ಸಂವೇದಕ ಅಳವಡಿಸಲು ಬಂದವರನ್ನು ಚಹಾ ಕೊಟ್ಟು ಕೂರಿಸಿ ಕೇಳಿರಿ: ಒಣ ದಿನಗಳಲ್ಲಿ ಇದರ ಓದಿಕೆ ಎಷ್ಟು ಹೊಯ್ದಾಡುತ್ತದೆ? ಉಷ್ಣಾಂಶದ ತಿದ್ದುಪಡಿ ಇದೆಯೇ? ಮಿತಿಯನ್ನು ನಿಗದಿಪಡಿಸಿದವರು ಯಾರು, ಎಷ್ಟು ಸುಳ್ಳು ಗಂಟೆಗಳನ್ನು ಅವರು ಒಪ್ಪಿಕೊಂಡಿದ್ದಾರೆ? ಓದಿಕೆಗಳು ನಮಗೂ ಸಿಗುತ್ತವೆಯೇ? ಕೊನೆಯ ಎರಡು ಪ್ರಶ್ನೆಗಳು ವಿಜ್ಞಾನದವಲ್ಲ. ರಾತ್ರಿ ಎರಡು ಗಂಟೆಗೆ ಮಕ್ಕಳನ್ನು ಎಬ್ಬಿಸಿಕೊಂಡು ಮಳೆಯಲ್ಲಿ ಓಡಬೇಕಾದವರು ಗ್ರಾಮಸಭೆಯಲ್ಲಿ ಕುಳಿತು ತೀರ್ಮಾನಿಸಬೇಕಾದವು.

ಇನ್ನೊಂದು ಮಾತು. ಶಿರೂರಿನಲ್ಲಿ ಜರಿದದ್ದು ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ. ಬುಡ ಕಡಿದು ಮೇಲೆ ಸಂವೇದಕ ನೆಡುವ ಯೋಜನೆಗಳು ಮುಂದೆ ಹೆಚ್ಚಲಿವೆ ಎಂದು ನನ್ನ ಊಹೆ. ಸಂವೇದಕ ಇದೆ ಎಂಬುದನ್ನೇ ಕಡಿಯಲು ಪರವಾನಗಿ ಮಾಡಿಕೊಳ್ಳುವುದಾದರೆ ಅದನ್ನು ವಿರೋಧಿಸುವುದು ನಮ್ಮ ಚಳವಳಿಯ ಕೆಲಸವೇ. ಅಂಥಲ್ಲಿಯೂ ಸಂವೇದಕವನ್ನು ಕಿತ್ತು ಹಾಕಿ ಎಂದು ನಾನು ಹೇಳಲಾರೆ. ಬುಡದಲ್ಲಿ ಈಗಾಗಲೇ ಮನೆಗಳಿವೆ.

ಮೇಜಿನ ಮೇಲೆ ಒಂದು ಒತ್ತಡ ಸಂವೇದಕವನ್ನು ನೀರು ತುಂಬಿದ ಪಾರದರ್ಶಕ ಕೊಳವೆಗೆ ಜೋಡಿಸಿಟ್ಟಿದ್ದೇನೆ. ವಿದ್ಯಾರ್ಥಿಗಳು ಬಂದು ಕೊಳವೆಗೆ ಒಂದು ಲೋಟ ನೀರು ಹೊಯ್ದು ಸಂಖ್ಯೆ ಏರುವುದನ್ನು ನೋಡಬಹುದು. ಬಳಿಕ ನೀರು ಮುಟ್ಟದೆ, ಚಿಪ್ಪಿನ ಮೇಲೆ ಬೆರಳಿಟ್ಟು ಅರ್ಧ ನಿಮಿಷ ಕಾಯಿರಿ. ಬೆರಳಿನ ಬಿಸಿ ಎಷ್ಟು ಸೆಂಟಿಮೀಟರ್ ನೀರಾಗಿ ಕಾಣುತ್ತದೆ ಎಂಬುದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಪ್ರಶ್ನೆಗಳಿದ್ದರೆ ಅಲ್ಲಿಯೇ ಕೇಳಬಹುದು.